ದುಡಿಯಲು ಪುಣೆಗೆ ಹೊರಟ ತಮ್ಮನಿಗೆ

ಪ್ರೀತಿಯ ತಮ್ಮಾ,

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಪುಣೆ, ಮುಂಬೈಗೆ ದುಡಿಯಲು ಹೋಗುವ ನಿನ್ನಂಥ ಹುಡುಗರಿಗೆಲ್ಲ ಈ ಕಾಗದ. ವಯಸ್ಸಾದ ಕಾಕಾ ಇಂಥದ್ದೆಲ್ಲ ಬರೀತಾನಲ್ಲ ಎಂದು ನಾಚಬೇಡ. ‘ದೊಡ್ಡ ರೋಗ’ ಎಂದು ಪಿಸುಗುಟ್ಟಿ ಸುಮ್ಮನಾದದ್ದು ಸಾಕು. ಅದರ ಹೆಸರು ಎಚ್‌ಐವಿ.

‘ಒಂದೇ ಸಲಕ್ಕೆ ಏನಾಗ್ತದ?’ ಎನ್ನುತ್ತೀರಿ. ಅದಕ್ಕೂ ಲೆಕ್ಕವಿದೆ. ಸೋಂಕಿದ್ದೂ ಅದನ್ನು ಹತ್ತಿಕ್ಕುವ ಗುಳಿಗೆ ನುಂಗದ ಹೆಣ್ಣಿನಿಂದ ಗಂಡಿಗೆ, ಯೋನಿ ಸಂಭೋಗದಲ್ಲಿ, ಹತ್ತು ಸಾವಿರ ಸಲಕ್ಕೆ ಸುಮಾರು 4 ಬಾರಿ ತಗಲುತ್ತದೆ. ಗಂಡಿನಿಂದ ಹೆಣ್ಣಿಗೆ ಅದರ ಇಮ್ಮಡಿ, ಸುಮಾರು 8. ಗುದ ಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವರಿಗೆ 138. ಗಂಡಸರ ನಡುವೆಯೂ ಇದು ನಡೆಯುತ್ತದೆ, ಕಣ್ಣು ಮುಚ್ಚಿಕೊಂಡರೆ ಇಲ್ಲವಾಗುವುದಿಲ್ಲ. ನಶೆಗೆ ಒಂದೇ ಸೂಜಿ ಹಂಚಿಕೊಂಡರೆ 63.

ನಾಲ್ಕೇ ಎಂದು ಉಸಿರು ಬಿಟ್ಟೆಯಾ? ಅದು ಸರಾಸರಿ. ಸೋಂಕು ತಗಲಿದ ಮೊದಲ ಕೆಲವು ವಾರ ರಕ್ತದಲ್ಲಿ ವೈರಾಣು ಉಕ್ಕಿರುತ್ತದೆ. ಆ ಮನುಷ್ಯನಿಗೋ ಜ್ವರ ಬಂದು ಹೋದದ್ದಷ್ಟೇ ಗೊತ್ತು. ಇಬ್ಬರಲ್ಲಿ ಯಾರಿಗೇ ಗುಪ್ತರೋಗದ ಹುಣ್ಣಿದ್ದರೂ ಅಪಾಯ ಇನ್ನೂ ಏರುತ್ತದೆ. ಇನ್ನು ಊರಲ್ಲೇ ಇರುವ ಹೆಂಡತಿ! ಜೇವರ್ಗಿ ದಾಟದವಳಿಗೆ ನೀನು ಸೋಂಕು ಹೊತ್ತು ಬಂದಾಗಲೆಲ್ಲ ಆ ಎಂಟರ ಲೆಕ್ಕ ಹೊಸದಾಗಿ ಶುರು.

ಜನ ಅಂಜುವುದು ಮಾತ್ರ ಗುಳಿಗೆ ನುಂಗುವವರಿಗೆ. ಅವರ ತಾಟು ಬೇರೆ, ಹಾಸಿಗೆ ಬೇರೆ. ತಾಟಿನಿಂದ, ಸೊಳ್ಳೆಯಿಂದ ಇದು ಬರುವುದೇ ಇಲ್ಲ. ದಿನಾ ತಪ್ಪದೆ ಎಆರ್‌ಟಿ ಗುಳಿಗೆ ನುಂಗಿ, ತಪಾಸಣೆಯಲ್ಲಿ ವೈರಾಣು ಕಾಣದಷ್ಟು ಇಳಿದವರಿಂದ ಸಂಭೋಗದಲ್ಲೂ ಸೋಂಕು ಹರಡುವುದಿಲ್ಲ. ಗುಳಿಗೆಯಿಲ್ಲದೆ ನೂರಕ್ಕೆ 15ರಿಂದ 45 ಕೂಸುಗಳಿಗೆ ಸೋಂಕಿರುವ ತಾಯಿಯಿಂದ ಬರುತ್ತಿದ್ದದ್ದು, ಗುಳಿಗೆಯಿಂದ ಐದಕ್ಕಿಂತ ಕೆಳಗೆ ಇಳಿಯುತ್ತದೆ. ಈ ಗುಳಿಗೆ ಸರಕಾರಿ ದವಾಖಾನೆಯಲ್ಲಿ 2004ರಿಂದ ಪುಕ್ಕಟೆ. ನಿಜವಾಗಿ ಅಂಜಬೇಕಾದದ್ದು ಎಂದೂ ತಪಾಸಣೆ ಮಾಡಿಸದವರಿಗೆ. ಅವರಲ್ಲಿ ನೀನೂ ಇರಬಹುದು.

ಎಚ್‌ಐವಿ ತಪಾಸಣೆ ಮಾಡುವ ಐಸಿಟಿಸಿ ಕೇಂದ್ರಕ್ಕೆ ಹೋಗಿ ರಕ್ತ ಕೊಡು. ಪುಕ್ಕಟೆ, ಗುಟ್ಟು ಉಳಿಯುತ್ತದೆ. ನಿನ್ನ ಒಪ್ಪಿಗೆಯಿಲ್ಲದೆ ತಪಾಸಣೆ ಮಾಡುವುದಾಗಲಿ, ಸೋಂಕಿದೆಯೆಂದು ಕೆಲಸದಿಂದ ತೆಗೆಯುವುದಾಗಲಿ 2017ರ ಎಚ್‌ಐವಿ ಕಾಯ್ದೆಯಲ್ಲಿ ನಿಷಿದ್ಧ. ತೀರ ಬೇಗ ಹೋದರೆ ಸೋಂಕು ಕಾಣದೆ ಇರಬಹುದು, ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸು. ಸಂಶಯವಿದ್ದರೆ 1097ಕ್ಕೆ ಫೋನ್ ಮಾಡು, ದುಡ್ಡು ಬೀಳುವುದಿಲ್ಲ.

ಕಾಂಡೋಮ್ ಜೇಬಿನಲ್ಲಿರಲಿ. ಅದು ಹರಿದರೆ, ಅಥವಾ ಮರೆತರೆ, ಸೋಂಕು ತಡೆಯುವ ಗುಳಿಗೆಯೂ ಇದೆ: 72 ತಾಸಿನೊಳಗೆ ಶುರುವಾಗಬೇಕು, 28 ದಿನ ನುಂಗಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೇದು. ಹಬ್ಬಕ್ಕೆ ಊರಿಗೆ ಬಂದಾಗ ಕಲಬುರಗಿಯಲ್ಲಿ ತೋರಿಸಿಕೊಂಡರಾಯಿತು ಎಂದು ಕೂರಬೇಡ. ಪುಣೆಯಲ್ಲೇ ಸರಕಾರಿ ದವಾಖಾನೆಗೆ ಹೋಗು, ಅವತ್ತೇ.

ಇಂತಿ,
ನಿನ್ನ ಕಾಕಾ