ಗೋಕರ್ಣಕ್ಕೆ ಹಗಲು ಬಸ್ಸಿನಲ್ಲಿ

ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಡುವ ಬಹುಪಾಲು ಜನ ರಾತ್ರಿ ಸ್ಲೀಪರ್ ಬಸ್ ಹತ್ತುತ್ತಾರೆ. ಮಲಗಿ ಎದ್ದರೆ ಸಮುದ್ರ. ಹಾಗೆ ಹೋದಾಗಲೆಲ್ಲ ನಾನು ಕಂಡದ್ದು ಸಮುದ್ರವನ್ನು ಮಾತ್ರ. ಹುಬ್ಬಳ್ಳಿಯಿಂದ ಹಗಲು ಹೊತ್ತು ಸರ್ಕಾರಿ ಕೆಂಪು ಬಸ್ಸಿನಲ್ಲಿ ಹೋಗತೊಡಗಿದ ಮೇಲೆ ಆ ಸೀಮೆಯೇ ಪರಿಚಯವಾಯಿತು.

ಕಲಘಟಗಿ ದಾಟುತ್ತಿದ್ದಂತೆ ಹೊಲಗಳು ಮುಗಿದು ಕಾಡು ಶುರು. ಯಲ್ಲಾಪುರದಲ್ಲಿ ಚಹಾ. ಅರಬೈಲು ಘಟ್ಟ ಇಳಿಯುವಾಗ ಸೆಕೆ ಮೈಗೆ ತಾಗಿದರೆ ಕರಾವಳಿ ಹತ್ತಿರ ಬಂತೆಂದೇ ಅರ್ಥ. ನೇರ ಬಸ್ ಸಿಗದಿದ್ದರೆ ಅಂಕೋಲೆಯಲ್ಲಿ ಬದಲಿಸಬೇಕು. ಮುಂದೆ ಸಿಗುವ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿಯೂ ಅಲ್ಲಿದ್ದ ಜನರೂ ಮಣ್ಣಿನ ಪಾಲಾದರು. ಆ ಗುಡ್ಡವನ್ನು ಕಿಟಕಿಯಿಂದ ನೋಡಿದ ಮೇಲೆ, ಜೋರು ಮಳೆಯ ದಿನಗಳಲ್ಲಿ ಈ ದಾರಿಯ ಪ್ರಯಾಣವನ್ನು ನಾನು ಮುಂದೂಡುತ್ತೇನೆ.

ಮಾದನಗೇರಿ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟರೆ ಗೋಕರ್ಣ ಹತ್ತೇ ಕಿಲೋಮೀಟರ್. ಈ ತುಂಡು ದಾರಿ ನನಗೆ ಅಚ್ಚುಮೆಚ್ಚು. ಬೇಸಿಗೆಯಾದರೆ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪಿನ ರಾಶಿ ಬಿಳುಪಾಗಿ ಹೊಳೆಯುತ್ತದೆ. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಸಮುದಾಯದ ಹೆಂಗಸರು ಹರಿವೆ, ಬಸಳೆ, ಹೂವಿನ ಬುಟ್ಟಿ ಹೊತ್ತು ಹತ್ತುತ್ತಾರೆ. ಬಸ್ಸಿನ ಬಾಗಿಲ ಬಳಿಯ ಜಾಗ ಆ ಬುಟ್ಟಿಗಳದ್ದು. ಅವರ ದಿನದ ದುಡಿಮೆ ಅವುಗಳಲ್ಲಿದೆ. ಪ್ರವಾಸಿಗರ ಎತ್ತರದ ಬ್ಯಾಗು ಅಲ್ಲಿ ಅಡ್ಡ ನಿಂತರೆ ಆ ಹೆಂಗಸರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬರಬೇಕಾಗುತ್ತದೆ. ಅದಕ್ಕೇ ನನ್ನ ಬ್ಯಾಗು ಕಾಲ ಸಂದಿಯಲ್ಲಿ ಕೂರುವಷ್ಟೇ ಇರುತ್ತದೆ: ಎರಡು ಜೊತೆ ಹತ್ತಿ ಬಟ್ಟೆ, ಒಂದು ಪಂಚೆ, ನೀರಿನ ಬಾಟಲಿ, ಟಾರ್ಚ್. ಪಂಚೆ ಟವೆಲ್ಲೂ ಹೌದು, ಹೊದಿಕೆಯೂ ಹೌದು. ಚಿಲ್ಲರೆ ಇರಲಿ. ರಾಜ್ಯದ ಹೆಣ್ಣುಮಕ್ಕಳಿಗೆ ಆಧಾರ್ ಕಾರ್ಡ್ ಸಾಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗಿನಿಂದ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಶೂನ್ಯ ಟಿಕೆಟ್. ಒಬ್ಬಳೇ ಹೊರಡುವ ಧೈರ್ಯಕ್ಕೆ ಅದೂ ಒಂದು ಆಸರೆ ಎಂದು ನಾನು ಮನಸಾರೆ ಹೇಳುತ್ತೇನೆ.

ಇನ್ನು ಊರೊಳಗೆ ಎಲ್ಲವೂ ನಡಿಗೆ. ರಾಮತೀರ್ಥದ ಕಡೆಯಿಂದ ಗುಡ್ಡ ಹತ್ತಿದರೆ ಕುಡ್ಲೆ ತೀರ, ಅಲ್ಲಿಂದ ಮುಂದಿನ ಗುಡ್ಡ ದಾಟಿದರೆ ಓಂ ತೀರ. ಅದರಾಚೆಯ ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಕಾಲುದಾರಿಯೋ ದೋಣಿಯೋ ಆಗಬೇಕು. ಬಂಡೆಗಳ ಮೇಲಿನ ದಾರಿಯಾದ್ದರಿಂದ ಕತ್ತಲಾಗುವ ಮೊದಲೇ ಹಿಂದಿರುಗಿ.

ಮರಳುವಾಗ ಬಂದ ದಾರಿ ಹಿಡಿಯಬೇಕಿಲ್ಲ. ತದಡಿಗೆ ಹೋಗಿ, ದೋಣಿಯಲ್ಲಿ ಅಘನಾಶಿನಿ ಹೊಳೆ ದಾಟಿ, ಆಚೆ ದಡದಿಂದ ಕುಮಟೆಯ ಬಸ್ ಹತ್ತಬಹುದು. ಎಲ್ಲಿಯೂ ಅಣೆಕಟ್ಟಿಲ್ಲದೆ ಹರಿದು ಬರುವ ನದಿ ಅದು. ಅದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ನೀರಿಳಿದ ಹೊತ್ತಿನಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು (ಚಿಪ್ಪು) ಹೆಕ್ಕುವವರನ್ನು ಕಂಡರೆ, ಆ ಗೌರವ ಯಾಕೆ ಸಂದಿತೆಂದು ಯಾರೂ ವಿವರಿಸಬೇಕಾಗಿಲ್ಲ.

ಒಮ್ಮೆ ಗೋಕರ್ಣಕ್ಕೆ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಮ್ಮನೊಬ್ಬರು ಹೇಳಿದ್ದರು: "ಯಾವೂರಾಯ್ತು ತಂಗಿ? ಬಂಡೆ ಬದಿಗೆ ನೀರಿಗಿಳೀಬೇಡ, ಸೆಳ್ತ ಜೋರು." ಯಾವ ಪ್ರವಾಸಿ ಪುಸ್ತಕಕ್ಕಿಂತಲೂ ಉಪಯುಕ್ತವಾದ ಮಾತದು. ಘಟ್ಟದ ಮೇಲಿನ ನಮಗೆ ಈಜು ಬಂದರೂ ಕಡಲು ಗೊತ್ತಿರುವುದಿಲ್ಲ. ಪ್ರತಿ ವರ್ಷ ಪ್ರವಾಸಿಗರು ಇಲ್ಲಿ ಮುಳುಗುತ್ತಾರೆ. ಸೆಳೆತಕ್ಕೆ ಸಿಕ್ಕರೆ ದಡದತ್ತ ನೇರ ಈಜಿ ದಣಿಯಬೇಡಿ, ದಡಕ್ಕೆ ಸಮಾನಾಂತರವಾಗಿ ಸರಿದು ಅದರಿಂದ ಹೊರಬನ್ನಿ. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ನೀರಿಗೆ ಇಳಿಯಲೇಬೇಡಿ.