ಬೀಜೋಪಚಾರದ ವಿಡಿಯೋ: ತುಣುಕು ಜೋಡಿಸುವ ಪಾಠ



ಒಬ್ಬ ರೈತನು ಹೊಲದಲ್ಲಿ ಮಾಡಿದ ಒಳ್ಳೆಯ ಕೆಲಸವನ್ನು ಇಂದು ಹತ್ತು ಊರಿನವರು ಮೊಬೈಲಿನಲ್ಲಿ ನೋಡಿ ಕಲಿಯಬಹುದು. ಆದರೆ ಅವಸರದಲ್ಲಿ ಕತ್ತರಿಸಿದ ವಿಡಿಯೋ ಒಳ್ಳೆಯ ಕೆಲಸವನ್ನೂ ತಪ್ಪಾಗಿ ಕಲಿಸುತ್ತದೆ. ನಮ್ಮ ಧಾರವಾಡ ಜಿಲ್ಲೆಯಲ್ಲಿ ಮುಂಗಾರಿಗೆ ಹೆಸರು ಮತ್ತು ಸೋಯಾ ಅವರೆ ಬಿತ್ತುವವರು ಬಹಳ. ಆ ಬೀಜಕ್ಕೆ ರೈಜೋಬಿಯಂ ಲೇಪಿಸುವ ಕೆಲಸವನ್ನೇ ಉದಾಹರಣೆಯಾಗಿಟ್ಟುಕೊಂಡು ವಿಡಿಯೋ ಜೋಡಿಸುವ ಕ್ರಮವನ್ನು ತಿಳಿಯೋಣ.

೧. ಚಿತ್ರ ತೆಗೆಯುವುದು

ಮೊಬೈಲನ್ನು ಅಡ್ಡ ಹಿಡಿದು, ಕೈ ನಡುಗದಂತೆ ಸ್ಟೂಲಿನ ಮೇಲೆ ಆನಿಸಿ ಇಡಿರಿ. ಸೂರ್ಯನು ಚಿತ್ರ ತೆಗೆಯುವವನ ಬೆನ್ನಿಗೆ ಇರಲಿ. ಪ್ರತಿಯೊಂದು ಕೆಲಸವನ್ನೂ ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ತೆಗೆಯಿರಿ. ಗಾಳಿಯ ಸದ್ದು ಮಾತನ್ನು ನುಂಗುತ್ತದೆ. ಆದ್ದರಿಂದ ವಿವರಣೆಯನ್ನು ಮನೆಯೊಳಗೆ ಕುಳಿತು ಬೇರೆಯಾಗಿ ಧ್ವನಿಮುದ್ರಿಸುವುದು ಲೇಸು.

೨. ಕತ್ತರಿಸಿ ಜೋಡಿಸುವುದು

ಮೊದಲು ಎಲ್ಲ ತುಣುಕುಗಳ ಪ್ರತಿಯನ್ನು ಬೇರೊಂದು ಕಡೆ ತೆಗೆದಿಡಿರಿ. ಕತ್ತರಿ ಹಾಕುವುದು ಪ್ರತಿಗೆ, ಮೂಲಕ್ಕಲ್ಲ.

ಕೌದಿ ಹೊಲಿಯುವ ತಾಯಂದಿರು ಅರಿವೆಯ ತುಂಡುಗಳನ್ನು ಮೊದಲು ನೆಲದ ಮೇಲೆ ಹರಡಿ, ಹೊಂದಿಸಿ, ಆಮೇಲೆ ಸೂಜಿ ಹಿಡಿಯುತ್ತಾರೆ. ಅದರಂತೆಯೇ ತುಣುಕುಗಳ ಕ್ರಮವನ್ನು ಮೊದಲು ಹಾಳೆಯ ಮೇಲೆ ಬರೆದುಕೊಳ್ಳಬೇಕು. ನಮ್ಮ ವಿಡಿಯೋದ ಕ್ರಮ ಹೀಗಿರಲಿ: ಬೆಲ್ಲದ ನೀರು ಕಾಯಿಸುವುದು, ಅದನ್ನು ಪೂರ್ತಿ ಆರಿಸುವುದು, ರೈಜೋಬಿಯಂ ಕಲಸುವುದು, ಬೀಜಕ್ಕೆ ಲೇಪಿಸುವುದು, ನೆರಳಿನಲ್ಲಿ ಒಣಗಿಸುವುದು, ಅದೇ ದಿನ ಬಿತ್ತುವುದು.

ವಿಡಿಯೋ ಉದ್ದವಾಯಿತೆಂದು ‘ಆರಿಸುವುದು’ ಅಥವಾ ‘ನೆರಳಿನಲ್ಲಿ ಒಣಗಿಸುವುದು’ ಎಂಬ ತುಣುಕನ್ನು ಕಿತ್ತುಹಾಕಿದರೆ ಏನಾಗುತ್ತದೆ? ನೋಡಿದವನು ಬಿಸಿನೀರಿಗೆ ಪುಡಿ ಹಾಕುತ್ತಾನೆ, ಇಲ್ಲವೆ ಬೀಜವನ್ನು ಬಿಸಿಲಿಗೆ ಹರಡುತ್ತಾನೆ. ರೈಜೋಬಿಯಂ ಜೀವಂತ ಅಣುಜೀವಿ. ಬಿಸಿಗೂ ಬಿಸಿಲಿಗೂ ಸಾಯುತ್ತದೆ. ಶಿಲೀಂಧ್ರನಾಶಕ, ಕೀಟನಾಶಕಗಳಿಂದ ಉಪಚಾರ ಮಾಡುವುದಿದ್ದರೆ ಅವು ಮೊದಲು, ರೈಜೋಬಿಯಂ ಕೊನೆಗೆ. ತುಣುಕುಗಳ ಕ್ರಮ ತಪ್ಪಿದರೆ ಉಪಚಾರದ ಕ್ರಮವೂ ತಪ್ಪುತ್ತದೆ. ಉದ್ದ ಕಡಿಮೆ ಮಾಡುವುದಿದ್ದರೆ ಪ್ರತಿ ತುಣುಕನ್ನೂ ಐದಾರು ಸೆಕೆಂಡಿಗೆ ಇಳಿಸಿರಿ, ಹಂತವನ್ನು ಬಿಡಬೇಡಿರಿ.

೩. ಚಿತ್ರದ ಮೇಲೆ ಚಿತ್ರ ಕೂಡಿಸುವುದು

ಬೇರಿನ ಗಂಟುಗಳನ್ನು ತೋರಿಸಲು ಬಿತ್ತಿದ ಮೇಲೆ ಸುಮಾರು ಒಂದು ತಿಂಗಳು ಕಾಯಬೇಕು. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಬಣ್ಣ ಕಂಡರೆ ಅದು ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ಮಾತನಾಡುವ ರೈತನ ಹಿಂದೆ ಈ ಗಂಟಿನ ಚಿತ್ರವನ್ನು ದೊಡ್ಡದಾಗಿ ಕೂಡಿಸಬಹುದು. ಕೈನ್‌ಮಾಸ್ಟರ್‌ನಂತಹ ಆ್ಯಪುಗಳಲ್ಲಿ ಇದಕ್ಕೆ ‘ಕ್ರೋಮಾ ಕೀ’ ಎಂಬ ಸಾಧನವಿದೆ. ರೈತನ ಹಿಂದೆ ಒಂದೇ ಬಣ್ಣದ ಅರಿವೆ ಕಟ್ಟಿ ಚಿತ್ರ ತೆಗೆದರೆ, ಆ್ಯಪು ಆ ಬಣ್ಣವನ್ನು ಅಳಿಸಿ ಅಲ್ಲಿ ಬೇರೆ ಚಿತ್ರವನ್ನು ತೋರಿಸುತ್ತದೆ.

ಸಿನಿಮಾದವರು ಸಾಮಾನ್ಯವಾಗಿ ಹಸಿರು ಅರಿವೆ ಕಟ್ಟುತ್ತಾರೆ. ನಮಗೆ ಅದು ಸಲ್ಲದು. ರೈತನ ಕೈಯಲ್ಲಿರುವ ಗಿಡದ ಎಲೆಗಳೂ ಅದರೊಡನೆ ಮಾಯವಾಗುತ್ತವೆ! ನೀಲಿ ಅರಿವೆ ಕಟ್ಟಿರಿ. ರೈತನ ಅಂಗಿ, ರುಮಾಲು ನೀಲಿ ಇರಬಾರದು. ಅರಿವೆಯಲ್ಲಿ ಸುಕ್ಕು ಬೇಡ. ಬೆಳಕು ಎಲ್ಲೆಡೆ ಸಮನಾಗಿ ಬೀಳಲಿ. ರೈತನು ಅರಿವೆಯಿಂದ ಐದಾರು ಅಡಿ ಮುಂದೆ ನಿಲ್ಲಬೇಕು. ಇಲ್ಲವಾದರೆ ಅವನ ನೆರಳು ಅರಿವೆಯ ಮೇಲೆ ಬಿದ್ದು ಅಂಚು ಕೆಡುತ್ತದೆ.

೪. ಒಂದು ಎಚ್ಚರಿಕೆ

ಈ ವಿದ್ಯೆ ಹೊಸದಲ್ಲ. 1978ರ ‘ಶಂಕರ್ ಗುರು’ ಚಿತ್ರದಲ್ಲಿ ಡಾ. ರಾಜಕುಮಾರರು ಮೂರು ಪಾತ್ರಗಳಲ್ಲಿ ಕಾಣಿಸಿಕೊಂಡರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಬ್ಬರನ್ನೇ ಇಬ್ಬರಾಗಿ ತೋರಿಸಲು ಮಸೂರದ ಅರ್ಧ ಮುಚ್ಚಿ ಚಿತ್ರ ತೆಗೆದು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧಕ್ಕೆ ಮತ್ತೊಮ್ಮೆ ತೆಗೆಯುತ್ತಿದ್ದರು. 2009ರಲ್ಲಿ ತೀರಿಕೊಂಡ ಡಾ. ವಿಷ್ಣುವರ್ಧನರನ್ನು 2016ರ ‘ನಾಗರಹಾವು’ ಚಿತ್ರದಲ್ಲಿ ಕಂಪ್ಯೂಟರಿನಿಂದ ಮತ್ತೆ ತೋರಿಸಿದರು.

ಸಿನಿಮಾದಲ್ಲಿ ಇದು ಕಲೆ. ಬೀಜ, ಔಷಧ ಮಾರುವ ವಿಡಿಯೋದಲ್ಲಿ ಇದೇ ವಿದ್ಯೆ ಮೋಸಕ್ಕೂ ಬಳಕೆಯಾಗಬಹುದು. ಮುಖದ ಮೇಲಿನ ಬೆಳಕು ಒಂದು ಕಡೆಯಿಂದ, ಹಿಂದಿನ ಗಿಡದ ಮೇಲಿನ ಬೆಳಕು ಇನ್ನೊಂದು ಕಡೆಯಿಂದ ಬಿದ್ದಿದ್ದರೆ, ಕೂದಲಂಚು ಮಿನುಗುತ್ತಿದ್ದರೆ ಸಂಶಯಪಡಿರಿ. ಇಂಥ ಗುರುತು ಕಾಣದಿದ್ದ ಮಾತ್ರಕ್ಕೆ ನಂಬಲೂಬೇಡಿರಿ. ಹಣ ಕೊಡುವ ಮೊದಲು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಾಗಲಿ ಕೇಳಿರಿ.

ನೀವು ಚಿತ್ರ ಕೂಡಿಸಿದಾಗ ‘ಈ ಚಿತ್ರ ಕೂಡಿಸಿದ್ದು’ ಎಂದು ಕೆಳಗೆ ಬರೆಯಿರಿ. ಗಂಟಿನ ಚಿತ್ರ ತೆಗೆದ ದಿನಾಂಕವನ್ನೂ ಹಾಕಿರಿ. ಬೆಳೆಹಾನಿಗೆ ಸಾಕ್ಷಿಯಾಗಿ ತೆಗೆದ ವಿಡಿಯೋಕ್ಕೆ ಮಾತ್ರ ಕತ್ತರಿಯನ್ನೂ ಹಚ್ಚಬೇಡಿರಿ, ಅಕ್ಷರವನ್ನೂ ಕೂಡಿಸಬೇಡಿರಿ.

ಅಭ್ಯಾಸ

ಊರಿನ ಯುವಕ ಮಂಡಳದವರೂ ಸ್ವಸಹಾಯ ಸಂಘದವರೂ ಸೇರಿ ಎರಡು ನಿಮಿಷದ ವಿಡಿಯೋ ಜೋಡಿಸಿರಿ. ಬೀಜೋಪಚಾರ ಎಂದೂ ಮಾಡದ ಒಬ್ಬರಿಗೆ ಅದನ್ನು ತೋರಿಸಿ, ಕ್ರಮವನ್ನು ಅವರ ಬಾಯಿಂದಲೇ ಹೇಳಿಸಿರಿ. ಅವರು ಒಂದು ಹಂತ ಮರೆತರೆ ತಪ್ಪು ಅವರದಲ್ಲ, ನಮ್ಮ ಕತ್ತರಿಯದು. ತಿದ್ದಿ, ಮತ್ತೊಮ್ಮೆ ತೋರಿಸಿರಿ.