ಸ್ವರಗಳ ಮೇಲಣ ಕಂಸರೇಖೆ

ಪಾಶ್ಚಾತ್ಯ ಸ್ವರಲಿಪಿಯಲ್ಲಿ ನೆಟ್ಟಗೆ ನಿಂತ ಗೆರೆಗಳು ತಾಳದ ಭಾಗಗಳನ್ನು ತೋರಿಸುವುವೇ ಹೊರತು ಹಾಡಿನ ಪಾದಗಳನ್ನು ತೋರಿಸುವುದಿಲ್ಲ. ಆದಕಾರಣ ಹೊಸದಾಗಿ ಕಲಿಯುವ ಬಾಲಕಿಯು ಗೆರೆ ಬಂದಲ್ಲೆಲ್ಲಾ ಉಸಿರೆಳೆದು ಪಾದವನ್ನು ತುಂಡರಿಸುವಳು. ಒಂದೊಂದು ಪಾದದ ಮೇಲೂ ಹೆಸರುಳ್ಳ ಕಂಸರೇಖೆಯನ್ನು ಎಳೆದರೆ ಈ ದೋಷವು ಬಹುಮಟ್ಟಿಗೆ ನೀಗುವುದು.

1551ರ ಜಿನೀವಾ ಕೀರ್ತನಾವಳಿಯಲ್ಲಿ ಬಂದ 'ಓಲ್ಡ್ ಹಂಡ್ರೆಡ್ತ್' ರಾಗವನ್ನು ತೆಗೆದುಕೊಳ್ಳುವ. ಅದಕ್ಕೆ ನಾಲ್ಕು ಪಾದಗಳು. ಒಂದೊಂದಕ್ಕೆ ಎಂಟೆಂಟು ಸ್ವರಗಳು. ಮೊದಲನೆಯ ಪಾದವು ಷಡ್ಜದಿಂದ ಮಂದ್ರ ಪಂಚಮಕ್ಕಿಳಿದು, ಪುನಃ ಏರಿ ಗಾಂಧಾರದಲ್ಲಿ ನಿಲ್ಲುವುದು. ಕಡೆಯದು ಮೇಲಣ ಪಂಚಮದಿಂದ ಹೊರಟು ಷಡ್ಜದಲ್ಲಿ ಮುಗಿಯುವುದು. ಈ ಏರಿಳಿತವನ್ನು ಕಂಸವು ಕಣ್ಣಿಗೆ ಕಾಣಿಸುತ್ತದೆ.

1996ರಲ್ಲಿ ಇಬ್ಬರು ಡಚ್ಚರು ಆರಂಭಿಸಿದ ಲಿಲಿಪಾಂಡ್ ಎಂಬ ಗಣಕತಂತ್ರದಲ್ಲಿ ಸ್ವರಗಳನ್ನು ಅಕ್ಷರಗಳಿಂದ ಬರೆಯುತ್ತೇವೆ. ಅದರಲ್ಲಿ ಕಂಸವನ್ನು ಹಾಕುವ ಕ್ರಮವಿದು:

1. ಕಂಸವನ್ನೆಳೆಯುವ 'ಹಾರಿಜಾಂಟಲ್ ಬ್ರಾಕೆಟ್ ಎನ್‌ಗ್ರೇವರ್' ಎಂಬ ಅಂಗವು ತಾನಾಗಿ ಇರುವುದಿಲ್ಲ. ಅದನ್ನು ಮೊದಲು ಸೇರಿಸತಕ್ಕದ್ದು.

2. ಕಂಸವು ಸಹಜವಾಗಿ ಸ್ವರಗಳ ಕೆಳಗೆ ಬೀಳುವುದರಿಂದ ಅದರ ದಿಕ್ಕನ್ನು 'ಅಪ್' ಎಂದು ಗೊತ್ತುಮಾಡಬೇಕು.

3. 'ಹಾರಿಜಾಂಟಲ್ ಬ್ರಾಕೆಟ್ ಟೆಕ್ಸ್ಟ್' ಎಂಬುದಕ್ಕೆ 'ಮೊದಲನೆಯ ಪಾದ' ಮುಂತಾದ ಮಾತನ್ನು ಕೊಡಬೇಕು.

4. ಪಾದದ ಮೊದಲ ಸ್ವರದ ಬೆನ್ನಿಗೆ 'ಸ್ಟಾರ್ಟ್ ಗ್ರೂಪ್' ಎಂತಲೂ, ಕೊನೆಯ ಸ್ವರದ ಬೆನ್ನಿಗೆ 'ಸ್ಟಾಪ್ ಗ್ರೂಪ್' ಎಂತಲೂ ಬರೆಯಬೇಕು.

ಮನೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವ ತಾಯಂದಿರಿಗೆ ನಮ್ಮದೊಂದು ಸೂಚನೆ. ಕಂಸಗಳು ಅತಿಯಾದರೆ ಸ್ವರಗಳೇ ಮರೆಯಾಗುವುವು. ಮಗುವು ಪಾದವನ್ನು ಒಂದೇ ಉಸಿರಿನಲ್ಲಿ ಹಾಡಲು ಕಲಿತ ಮೇಲೆ ಅವುಗಳನ್ನು ಅಳಿಸಿಬಿಡಿರಿ. ಕಾಲು ಗಟ್ಟಿಯಾದವರಿಗೆ ಊರುಗೋಲು ಬೇಡ.